ಕಿವಿರು ಕರಗುತ್ತಿದೆಯೇ? ಗಾಬರಿ ಬೇಡ, ಉದಾಸೀನವೂ ಬೇಡ

ಸಾಕಿದ ಆಕ್ಸೊಲಾಟಲ್ ನೆಲಜೀವಿಯಾಗಲು ಹೊರಟರೆ ಕರಾವಳಿಯ ಮನೆಯಲ್ಲಿ ಮಾಡಬೇಕಾದುದೇನು?

ಕುಂದಾಪುರ: ಮುಂಗಾರು ಹಿಡಿದು ಬೈಲುಗದ್ದೆಗಳಲ್ಲಿ ನೀರು ನಿಂತಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳಿಗೆ ಗೊದಮೊಟ್ಟೆಗಳ ಪರಿಚಯ ಹೊಸದಾಗಿ ಮಾಡಿಸಬೇಕಾದ ಅಗತ್ಯವಿಲ್ಲ. ಬಾಲವಿರುವ ಕಪ್ಪು ಮರಿಗೆ ಕಾಲು ಮೂಡುವುದು, ಬಾಲ ಕರಗುವುದು, ಒಂದು ದಿನ ಅದು ಗದ್ದೆಯ ಅಂಚಿಗೆ ಜಿಗಿಯುವುದು ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಇದನ್ನು ನೋಡಿ ಬೆಳೆದವರಿಗೂ ಅಚ್ಚರಿ ಹುಟ್ಟಿಸುವ ಪ್ರಾಣಿಯೊಂದು ಈಗ ನಗರಗಳ ಅಕ್ವೇರಿಯಂ ಹವ್ಯಾಸದೊಳಗೆ ಕಾಲಿಟ್ಟಿದೆ. ಮೆಕ್ಸಿಕೊ ಮೂಲದ ಈ ಉಭಯವಾಸಿಯ ಹೆಸರು ಆಕ್ಸೊಲಾಟಲ್. ಬದುಕಿರುವಷ್ಟು ಕಾಲವೂ ಮರಿಯ ರೂಪದಲ್ಲೇ ನೀರಿನಲ್ಲಿರುವುದು ಇದರ ಸ್ವಭಾವ. ಆದರೆ ಅಪರೂಪಕ್ಕೊಮ್ಮೆ, ಯಾವ ಮುನ್ಸೂಚನೆಯೂ ಇಲ್ಲದೆ, ಇದು ಕಿವಿರು ಕಳಚಿ ನೆಲದ ಮೇಲೆ ಬದುಕುವ ಸಲಮ್ಯಾಂಡರ್ ಆಗಲು ಹೊರಡುತ್ತದೆ.

ಸಾಕಿದವರು ಎಡವುವುದು ಈ ಹಂತದಲ್ಲಿಯೇ. ರೂಪಾಂತರವನ್ನು ಕಾಯಿಲೆ ಎಂದು ಭಾವಿಸಿ ಔಷಧ ಹಾಕುವವರಿದ್ದಾರೆ. ನೀರಿನ ಪ್ರಾಣಿ ತಾನೇ ಎಂದು ತುಂಬಿದ ತೊಟ್ಟಿಯಲ್ಲೇ ಬಿಟ್ಟು ಅದು ಮುಳುಗಿ ಸಾಯಲು ಕಾರಣರಾಗುವವರೂ ಇದ್ದಾರೆ. ಎರಡರಲ್ಲೂ ಹೋಗುವುದು ಪ್ರಾಣಿಯ ಜೀವ. ಆದ್ದರಿಂದ ಈ ಬದಲಾವಣೆ ಏಕಾಗುತ್ತದೆ, ಆಗುವಾಗ ಏನು ಮಾಡಬೇಕು, ನಮ್ಮ ಹವೆಯಲ್ಲಿ ಎದುರಾಗುವ ತೊಡಕುಗಳೇನು, ಕಾನೂನು ಏನು ಹೇಳುತ್ತದೆ ಎಂಬುದರ ವಿವರ ಇಲ್ಲಿದೆ.

ಏನಿದು ಆಕ್ಸೊಲಾಟಲ್?

ಮೆಕ್ಸಿಕೊ ನಗರದ ದಕ್ಷಿಣ ಅಂಚಿನಲ್ಲಿರುವ ಶೋಚಿಮಿಲ್ಕೊ ಎಂಬ ಜೌಗು ಕಾಲುವೆಗಳ ಪ್ರದೇಶವೇ ಇದರ ತವರು. ವೈಜ್ಞಾನಿಕ ಹೆಸರು ಆಂಬಿಸ್ಟೋಮ ಮೆಕ್ಸಿಕಾನಮ್. ತಲೆಯ ಇಕ್ಕೆಲಗಳಲ್ಲಿ ಮೂರು ಮೂರರಂತೆ ಗರಿಯಾಕಾರದ ಹೊರಕಿವಿರುಗಳು, ಬೆನ್ನಿನಿಂದ ಬಾಲದವರೆಗೆ ಚಾಚಿದ ಈಜುರೆಕ್ಕೆ, ರೆಪ್ಪೆಯಿಲ್ಲದ ಕಣ್ಣು, ಸದಾ ನಗುವಂತೆ ಕಾಣುವ ಬಾಯಿ ಇದರ ಗುರುತು. 2021ರಲ್ಲಿ ಮೆಕ್ಸಿಕೊ ತನ್ನ 50 ಪೆಸೊ ನೋಟಿನಲ್ಲಿ ಇದರ ಚಿತ್ರವನ್ನು ಅಚ್ಚು ಹಾಕಿತು. ಅದೇ ವರ್ಷ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲೂ ಇದು ಕಾಣಿಸಿಕೊಂಡು ಮಕ್ಕಳ ನಡುವೆ ಮನೆಮಾತಾಯಿತು.

ಸಾಕಿದ ತೊಟ್ಟಿಗಳಲ್ಲಿ ಇದು ಹೇರಳವಾಗಿದ್ದರೂ ತವರಿನಲ್ಲಿ ಅಳಿವಿನ ಅಂಚಿಗೆ ಬಂದಿದೆ. ಶೋಚಿಮಿಲ್ಕೊದಲ್ಲಿ 1998ರ ಗಣತಿಯಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದ ಸಂಖ್ಯೆ 2014ರ ಹೊತ್ತಿಗೆ 36ಕ್ಕೆ ಕುಸಿದಿತ್ತು. ಕೊಳಕು ನೀರು ಒಂದು ಕಾರಣವಾದರೆ, ಮೀನುಗಾರಿಕೆಗೆಂದು ಹೊರಗಿನಿಂದ ತಂದು ಬಿಟ್ಟ ಟಿಲಾಪಿಯ ಮತ್ತು ಕಾರ್ಪ್ ಮೀನುಗಳು ಇನ್ನೊಂದು ಕಾರಣ. ಈ ಅಂಶವನ್ನು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದರ ಪ್ರಸ್ತಾಪ ಮತ್ತೆ ಬರಲಿದೆ.

ನಮ್ಮಲ್ಲಿ ಇದರ ಬಂಧುಗಳಿವೆಯೇ?

ಉಭಯವಾಸಿಗಳಲ್ಲಿ ಮೂರು ಗುಂಪುಗಳಿವೆ: ಬಾಲವಿಲ್ಲದ ಕಪ್ಪೆಗಳು, ಕಾಲಿಲ್ಲದೆ ಎರೆಹುಳುವಿನಂತೆ ಕಾಣುವ ಸಿಸಿಲಿಯನ್‌ಗಳು ಹಾಗೂ ಬಾಲವಿರುವ ಸಲಮ್ಯಾಂಡರ್‌ಗಳು. ಮೊದಲೆರಡು ಗುಂಪುಗಳು ನಮ್ಮ ಪಶ್ಚಿಮ ಘಟ್ಟದಲ್ಲಿ ಧಾರಾಳವಾಗಿವೆ. ಮೂರನೆಯದು ಕರ್ನಾಟಕದಲ್ಲಿ ಮಾತ್ರವಲ್ಲ, ಇಡೀ ದಕ್ಷಿಣ ಭಾರತದಲ್ಲೇ ಇಲ್ಲ. ಭಾರತದ ಸಲಮ್ಯಾಂಡರ್ ನೋಡಬೇಕಾದರೆ ಡಾರ್ಜಿಲಿಂಗ್ ಮುಂತಾದ ಪೂರ್ವ ಹಿಮಾಲಯದ ಹಾಗೂ ಈಶಾನ್ಯದ ಗುಡ್ಡಗಳಿಗೆ ಹೋಗಬೇಕು. ಅಂದರೆ ನಮ್ಮ ಕೆರೆ, ಮದಗ, ಬಾವಿಗಳಿಗೆ ಆಕ್ಸೊಲಾಟಲ್ ಸಂಪೂರ್ಣ ಅಪರಿಚಿತ ಜೀವಿ.

ಬೆಳವಣಿಗೆಯ ದಾರಿ ಎಲ್ಲ ಉಭಯವಾಸಿಗಳಲ್ಲೂ ಒಂದೇ ಎಂದು ತಿಳಿಯಬೇಕಾಗಿಲ್ಲ. ಮಳೆಗಾಲದಲ್ಲಿ ಘಟ್ಟದ ಕಾಡುಗಳಲ್ಲಿ ಟಿಕ್ ಟಿಕ್ ಎಂದು ಕೂಗುವ ಪೊದೆಗಪ್ಪೆಗಳು ಗೊದಮೊಟ್ಟೆಯ ಹಂತವನ್ನೇ ದಾಟಿಬಿಡುತ್ತವೆ. ಅವುಗಳ ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಆಕ್ಸೊಲಾಟಲ್ ಇದಕ್ಕೆ ತೀರ ವಿರುದ್ಧ. ಅದು ಮರಿಯ ದೇಹದಲ್ಲೇ ಪ್ರಾಯಕ್ಕೆ ಬಂದು, ಮೊಟ್ಟೆಯಿಟ್ಟು, ಮರಿಯಾಗಿಯೇ ಮುಪ್ಪಾಗುತ್ತದೆ. ಇದಕ್ಕೆ ವಿಜ್ಞಾನದಲ್ಲಿ ನಿಯೋಟೆನಿ ಎಂದು ಹೆಸರು.

ಪ್ಯಾರಿಸ್‌ನಲ್ಲಿ ಬಯಲಾದ ಗುಟ್ಟು

ಈ ಪ್ರಾಣಿ ಮರಿಯೋ ಪ್ರೌಢವೋ ಎಂಬ ಗೊಂದಲ ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರಜ್ಞರನ್ನು ಕಾಡಿತ್ತು. 1864ರಲ್ಲಿ ಮೆಕ್ಸಿಕೊದಿಂದ 34 ಆಕ್ಸೊಲಾಟಲ್‌ಗಳು ಪ್ಯಾರಿಸ್ ತಲುಪಿದವು. ಅವುಗಳಲ್ಲಿ ಆರನ್ನು ಅಲ್ಲಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಪ್ರಾಣಿಶಾಸ್ತ್ರಜ್ಞ ಆಗಸ್ಟ್ ಡ್ಯೂಮೆರಿಲ್ ಅವರಿಗೆ ಒಪ್ಪಿಸಲಾಯಿತು. ಅವು ಮೊಟ್ಟೆಯಿಟ್ಟವು, ಮರಿಗಳು ಬೆಳೆದವು. 1865ರಲ್ಲಿ ಆ ಮರಿಗಳಲ್ಲಿ ಕೆಲವು ಕಿವಿರು ಕಳೆದುಕೊಂಡು ನೆಲವಾಸಿ ಸಲಮ್ಯಾಂಡರ್‌ಗಳಾದವು. ತಂದೆತಾಯಿ ನೀರಿನಲ್ಲೇ ಉಳಿದಿರುವಾಗ ಮಕ್ಕಳು ನೆಲಕ್ಕೆ ಏರಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿಯಾಯಿತು.

ಕಾರಣದ ಎಳೆ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಥೈರಾಯ್ಡ್ ಗ್ರಂಥಿಯ ಅಂಗಾಂಶ ತಿನ್ನಿಸಿದ ಗೊದಮೊಟ್ಟೆಗಳು ಬೇಗನೆ ಕಪ್ಪೆಯಾಗುವುದು 1912ರಲ್ಲಿ ಕಂಡುಬಂದಿತ್ತು. ಬ್ರಿಟನ್ನಿನ ಜೀವಶಾಸ್ತ್ರಜ್ಞ ಜೂಲಿಯನ್ ಹಕ್ಸ್‌ಲಿ 1920ರಲ್ಲಿ ಆಕ್ಸೊಲಾಟಲ್‌ಗೂ ಥೈರಾಯ್ಡ್ ತಿನ್ನಿಸಿ ಅದನ್ನು ನೆಲಜೀವಿಯಾಗಿಸಿ ತೋರಿಸಿದರು.

ಏಕೆ ಹೀಗಾಗುತ್ತದೆ?

ಉಭಯವಾಸಿಗಳ ರೂಪಾಂತರಕ್ಕೆ ಅಪ್ಪಣೆ ಕೊಡುವುದು ಥೈರಾಕ್ಸಿನ್ ಎಂಬ ಹಾರ್ಮೋನು. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಸೂಚನೆ ಕಳುಹಿಸಿದಾಗ ಥೈರಾಯ್ಡ್ ಗ್ರಂಥಿ ಇದನ್ನು ಸುರಿಸುತ್ತದೆ. ಆಕ್ಸೊಲಾಟಲ್‌ಗೂ ಥೈರಾಯ್ಡ್ ಗ್ರಂಥಿ ಇದೆ. ಹಾರ್ಮೋನು ಸಿಕ್ಕಿದರೆ ಬದಲಾಗುವ ಶಕ್ತಿ ದೇಹಕ್ಕೂ ಇದೆ. ಕೊರತೆಯಿರುವುದು ಮೇಲಿನಿಂದ ಬರುವ ಸೂಚನೆಯಲ್ಲಿ. ಆ ಸೂಚನೆ ದುರ್ಬಲವಾಗಿರುವುದರಿಂದ ಮರಿತನ ಮುಗಿಯುವುದೇ ಇಲ್ಲ.

ಹಾಗಿದ್ದೂ ಮನೆಯ ತೊಟ್ಟಿಯಲ್ಲಿ ರೂಪಾಂತರವಾಗಲು ಮುಖ್ಯವಾಗಿ ಮೂರು ಕಾರಣಗಳಿರಬಹುದು.

ಮೊದಲನೆಯದು ವಂಶವಾಹಿ. ಪ್ರಯೋಗಾಲಯಗಳ ಆಕ್ಸೊಲಾಟಲ್ ವಂಶದಲ್ಲಿ ಅಮೆರಿಕದ ಟೈಗರ್ ಸಲಮ್ಯಾಂಡರ್‌ನ ರಕ್ತ ಬೆರೆತಿದೆ. 1962ರಲ್ಲಿ ನಡೆಸಿದ ಸಂಕರದ ಗುಣಗಳು ಇಂದಿನ ಸಾಕುವಂಶಗಳಲ್ಲೂ ಹರಿದುಬಂದಿವೆ. ಟೈಗರ್ ಸಲಮ್ಯಾಂಡರ್ ಸಹಜವಾಗಿ ನೆಲಕ್ಕೆ ಏರುವ ಜಾತಿ.

ಎರಡನೆಯದು ತಪ್ಪು ಗುರುತು. ಟೈಗರ್ ಸಲಮ್ಯಾಂಡರ್‌ನ ಮರಿ ನೋಡಲು ಆಕ್ಸೊಲಾಟಲ್‌ನಂತೆಯೇ ಇರುತ್ತದೆ. ಆಕ್ಸೊಲಾಟಲ್ ಎಂದು ಕೊಂಡದ್ದು ಮೊದಲಿನಿಂದಲೂ ಬೇರೆ ಜಾತಿಯೇ ಆಗಿರುವ ಸಾಧ್ಯತೆ ಇದೆ.

ಮೂರನೆಯದು ಅಯೋಡಿನ್. ಥೈರಾಕ್ಸಿನ್‌ನ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿವೆ. ನಮ್ಮ ಅಡುಗೆ ಉಪ್ಪಿಗೆ ಅಯೋಡಿನ್ ಬೆರೆಸುವುದೂ ಇದೇ ಥೈರಾಯ್ಡ್‌ಗಾಗಿ. ನೀರಿಗೆ ಅಯೋಡಿನ್ ಸೇರಿಸಿ ಬಲವಂತದ ರೂಪಾಂತರ ಮಾಡಿಸುವ ಪ್ರಯತ್ನಗಳು ನಡೆದಿದ್ದು, ಅದರಲ್ಲಿ ಬಹಳಷ್ಟು ಪ್ರಾಣಿಗಳು ಸಾಯುತ್ತವೆ. ಕುತೂಹಲಕ್ಕಾಗಿ ಇಂತಹ ಪ್ರಯೋಗ ಮಾಡುವುದು ಕ್ರೌರ್ಯವಲ್ಲದೆ ಬೇರೇನೂ ಅಲ್ಲ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಔಷಧವನ್ನೂ ಈ ಪ್ರಾಣಿಯ ಬಳಿ ತರಬಾರದು.

ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಕಿವಿರು ಕುಗ್ಗಿದ ಮಾತ್ರಕ್ಕೆ ರೂಪಾಂತರ ಎಂದು ತೀರ್ಮಾನಿಸುವಂತಿಲ್ಲ. ನೀರಿನಲ್ಲಿ ಅಮೋನಿಯ ಹೆಚ್ಚಿದಾಗ, ಸೆಖೆ ಏರಿದಾಗಲೂ ಕಿವಿರು ಸೊರಗುತ್ತದೆ. ಆದ್ದರಿಂದ ಮೊದಲು ನೀರನ್ನು ಪರೀಕ್ಷಿಸಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಅವು ಇದ್ದರೆ ನೀರು ಬದಲಾಯಿಸುವುದೇ ಮೊದಲ ಚಿಕಿತ್ಸೆ.

ನೀರು ಸರಿಯಿದ್ದೂ ಕೆಳಗಿನ ಬದಲಾವಣೆಗಳು ಒಟ್ಟಾಗಿ ಕಂಡರೆ ರೂಪಾಂತರ ಆರಂಭವಾಗಿದೆ ಎಂದೇ ಭಾವಿಸಬಹುದು:

* ಬೆನ್ನಿನ ಹಾಗೂ ಬಾಲದ ಈಜುರೆಕ್ಕೆ ಕರಗಿ ಬಾಲ ದುಂಡಗಾಗುವುದು
* ಕಿವಿರುಗಳು ದಿನೇ ದಿನೇ ಗಿಡ್ಡವಾಗಿ ಮೊಂಡಾಗುವುದು
* ಕಣ್ಣು ಉಬ್ಬಿ ಹೊರಬಂದು ರೆಪ್ಪೆ ಮೂಡುವುದು
* ಚರ್ಮ ಪೊರೆಯಂತೆ ಕಳಚುವುದು, ಬಣ್ಣ ಬದಲಾಗುವುದು
* ಪದೇ ಪದೇ ಮೇಲೆ ಬಂದು ಗಾಳಿ ಗುಟುಕರಿಸುವುದು, ಗಾಜು ಹತ್ತಲು ಹವಣಿಸುವುದು
* ಆಹಾರ ಬಿಡುವುದು

ಇವುಗಳಲ್ಲಿ ಈಜುರೆಕ್ಕೆ ಕರಗುವುದು ಮತ್ತು ರೆಪ್ಪೆ ಮೂಡುವುದು ಹೆಚ್ಚು ನಂಬತಕ್ಕ ಗುರುತುಗಳು. ಈ ಬದಲಾವಣೆ ಪೂರ್ಣಗೊಳ್ಳಲು ಕೆಲವು ವಾರಗಳು ಬೇಕಾಗುತ್ತವೆ. ಒಮ್ಮೆ ಮುಗಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ಆ ವಾರಗಳಲ್ಲಿ ಏನು ಮಾಡಬೇಕು?

ಮೊದಲ ಕೆಲಸ ನೀರು ತಗ್ಗಿಸುವುದು. ಕಿವಿರು ಕಳೆದುಕೊಂಡ ಪ್ರಾಣಿ ಶ್ವಾಸಕೋಶ ಮತ್ತು ಚರ್ಮದಿಂದ ಉಸಿರಾಡಬೇಕು. ಬಳಲಿದ ಸ್ಥಿತಿಯಲ್ಲಿ ಅದಕ್ಕೆ ಮೇಲೆ ಬರಲು ಸಾಧ್ಯವಾಗದೆ ಮುಳುಗುವ ಅಪಾಯವಿದೆ. ಅಗಲವಾದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದುಕೊಂಡು ಒಂದು ಬದಿಯನ್ನು ಸ್ವಲ್ಪ ಎತ್ತರಿಸಿ ಇಳಿಜಾರು ಮಾಡಬೇಕು. ತಗ್ಗಿನ ಬದಿಯಲ್ಲಿ ಪ್ರಾಣಿ ನಿಂತಾಗ ಭುಜದ ಮಟ್ಟಕ್ಕೆ ಬರುವಷ್ಟೇ ನೀರಿರಲಿ. ಎತ್ತರದ ಬದಿಗೆ ಒದ್ದೆ ಮಾಡಿದ, ಬಣ್ಣ ಹಾಗೂ ಸುವಾಸನೆಯಿಲ್ಲದ ಕಾಗದದ ಟವೆಲ್ ಹಾಸಬೇಕು. ಯಾವಾಗ ನೆಲಕ್ಕೆ ಬರಬೇಕೆಂಬುದನ್ನು ಪ್ರಾಣಿಯೇ ನಿರ್ಧರಿಸಲಿ.

ಡಬ್ಬಿಗೆ ಗಾಳಿ ಆಡುವ ರಂಧ್ರಗಳಿರುವ ಭದ್ರ ಮುಚ್ಚಳ ಅತ್ಯಗತ್ಯ. ಹೊಸದಾಗಿ ನೆಲಕ್ಕೆ ಬಂದ ಸಲಮ್ಯಾಂಡರ್ ರಾತ್ರಿ ಹೊತ್ತು ತಪ್ಪಿಸಿಕೊಂಡರೆ ಮೂಲೆಯಲ್ಲಿ ಒಣಗಿ ಸಾಯುತ್ತದೆ. ನಮ್ಮ ಮನೆಗಳಲ್ಲಿ ಇರುವೆಯ ಕಾಟವೂ ಕಡಿಮೆಯೇನಲ್ಲ. ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವ ಹಳೆಯ ಉಪಾಯವನ್ನೇ ಇಲ್ಲಿಯೂ ಅನುಸರಿಸಿ, ಡಬ್ಬಿಯಿಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದು ಒಳಿತು.

ಕೈಯಲ್ಲಿ ಮುಟ್ಟುವುದು ಬೇಡ. ಮುಟ್ಟಲೇಬೇಕಾದರೆ ಸಾಬೂನಿನ ಅಂಶವಿಲ್ಲದ ಒದ್ದೆ ಕೈ ಇರಲಿ. ಉಭಯವಾಸಿಯ ಚರ್ಮ ಸೋರುಬಟ್ಟೆಯಿದ್ದಂತೆ, ತಾಗಿದ್ದು ಒಳಹೋಗುತ್ತದೆ. ಅದೇ ಕೋಣೆಯಲ್ಲಿ ಸೊಳ್ಳೆಬತ್ತಿ, ಸೊಳ್ಳೆನಾಶಕ ದ್ರವದ ಯಂತ್ರ, ಫಿನಾಯಿಲ್ ಬಳಸಬಾರದು.

ಆಹಾರ ಬಿಟ್ಟಿತೆಂದು ಬಾಯಿಗೆ ತುರುಕಬಾರದು. ಬಾಯಿಯ ರಚನೆಯೇ ಬದಲಾಗುತ್ತಿರುವ ಕಾಲವದು. ಚರ್ಮ ಗಟ್ಟಿಯಾಗಿ, ನಡಿಗೆ ಸ್ಥಿರವಾದ ಬಳಿಕ ಎರೆಹುಳುವನ್ನು ಅದರ ಮುಂದೆ ಆಡಿಸಿದರೆ ಹಿಡಿಯಲು ಕಲಿಯುತ್ತದೆ.

ಹೊಸ ಮನೆಗೆ ತೆಂಗಿನ ನಾರಿನ ಪುಡಿ

ರೂಪಾಂತರ ಮುಗಿದ ಮೇಲೆ ಕಾಗದದ ಬದಲು ಬಿಲ ತೋಡಲು ಅನುಕೂಲವಾಗುವ ತೇವದ ಹಾಸು ಬೇಕು. ತೆಂಗಿನ ನಾರಿನ ಪುಡಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಅದರಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು, ಹಿಂಡಿ ಬಳಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಅಡಗಲು ತೊಗಟೆಯ ತುಂಡು ಅಥವಾ ಒಡೆದ ಮಣ್ಣಿನ ಮಡಕೆಯ ಹೋಳು, ಕುಳಿತುಕೊಳ್ಳಲು ಆಳವಿಲ್ಲದ ನೀರಿನ ತಟ್ಟೆ ಇದ್ದರೆ ಮನೆ ಸಿದ್ಧವಾದಂತೆ.

ಎರೆಹುಳು ಎಲ್ಲಿಂದ ತರುತ್ತೀರಿ ಎಂಬುದೂ ಮುಖ್ಯ. ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಅದರಲ್ಲಿರುವ ಮೈಲುತುತ್ತ ತಾಮ್ರದ ಲವಣ. ಉಭಯವಾಸಿಗಳಿಗೆ ತಾಮ್ರ ವಿಷ. ಕೀಟನಾಶಕ ಬಳಸುವ ಗದ್ದೆಯ ಹುಳುವೂ ಬೇಡ. ಎರೆಗೊಬ್ಬರದ ತೊಟ್ಟಿಯ ಕೆಂಪು ಹುಳು ಕಹಿ ದ್ರವ ಸೂಸುವುದರಿಂದ ಕೆಲವು ಪ್ರಾಣಿಗಳು ಅದನ್ನು ಉಗುಳಿಬಿಡುತ್ತವೆ. ಏನನ್ನೂ ಸಿಂಪಡಿಸದ ಹಿತ್ತಿಲಿನ ಮಣ್ಣಿನ ಹುಳುವೇ ಉತ್ತಮ.

ಕರಾವಳಿಯ ನಿಜವಾದ ತೊಡಕು: ಸೆಖೆ

ಶೋಚಿಮಿಲ್ಕೊ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಆಕ್ಸೊಲಾಟಲ್‌ಗೆ ಹಿತವಾದ ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ಡಿಗ್ರಿ ದಾಟಿ ಹಾಗೆಯೇ ಮುಂದುವರಿದರೆ ಅದು ಕಾಯಿಲೆ ಬೀಳುತ್ತದೆ. ನೆಲವಾಸಿಯಾದ ಮೇಲೂ 20 ಡಿಗ್ರಿಯ ಒಳಗಿನ ತಂಪೇ ಅದಕ್ಕೆ ಕ್ಷೇಮ. ಆದರೆ ನಮ್ಮ ಕರಾವಳಿಯಲ್ಲಿ ಬಾವಿಯಿಂದ ಆಗ ತಾನೇ ಸೇದಿದ ನೀರೂ 25 ಡಿಗ್ರಿಗಿಂತ ಬೆಚ್ಚಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯ ಸೆಖೆ 30 ಡಿಗ್ರಿ ಮೀರುವುದು ಸಾಮಾನ್ಯ.

ತೊಟ್ಟಿಯ ಮೇಲೆ ಫ್ಯಾನ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿಯಾಗಿಸುವ ಮೂಲಕ. ಬಯಲುಸೀಮೆಯ ಒಣ ಹವೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಇದೇ ತತ್ತ್ವದಿಂದ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಆವಿಯಾಗುವಿಕೆ ನಿಧಾನ, ತಂಪೂ ಅತ್ಯಲ್ಪ. ಆದ್ದರಿಂದ ನೀರಿನಲ್ಲಿರುವಾಗ ಚಿಲ್ಲರ್ ಯಂತ್ರ, ನೆಲಕ್ಕೆ ಬಂದ ಮೇಲೆ ಹವಾನಿಯಂತ್ರಿತ ಕೋಣೆ ಇಲ್ಲಿ ಅನಿವಾರ್ಯ. ಹವಾನಿಯಂತ್ರಣ ಗಾಳಿಯನ್ನು ಒಣಗಿಸುವುದರಿಂದ ದಿನಕ್ಕೊಮ್ಮೆ ಶುದ್ಧ ನೀರು ಚಿಮುಕಿಸಬೇಕು. ಗಾಳಿಮಳೆಗೆ ವಿದ್ಯುತ್ ಕೈಕೊಡುವ ದಿನಗಳಿಗಾಗಿ ಫ್ರೀಜರ್‌ನಲ್ಲಿ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ಇಟ್ಟಿರಬೇಕು. ಮುಚ್ಚಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯ ಪಕ್ಕದಲ್ಲಿಟ್ಟರೆ ತಂಪು ನಿಧಾನವಾಗಿ ಇಳಿಯುತ್ತದೆ. ಇದು ಕೆಲವು ಗಂಟೆಗಳ ಆಸರೆ ಮಾತ್ರ, ಪರಿಹಾರವಲ್ಲ.

ನೀರಿನ ಗುಣವನ್ನೂ ಗಮನಿಸಬೇಕು. ಮುರಕಲ್ಲು ಪ್ರದೇಶದ ಬಾವಿನೀರು ಮೆದು, ತುಸು ಆಮ್ಲೀಯ. ಆಕ್ಸೊಲಾಟಲ್‌ಗೆ ಹಿತವಾದುದು ಪಿಎಚ್ 7.4ರಿಂದ 7.6ರ ಆಸುಪಾಸಿನ ಗಡಸು ನೀರು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಿ ಆ ನೀರು ಮುಟ್ಟಬಾರದು. ನಳ್ಳಿ ನೀರಾದರೆ ಕ್ಲೋರಿನ್ ನಿವಾರಕ ಬಳಸಲೇಬೇಕು. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ನದಿಗಳು ಸೇರುವ ಪಂಚಗಂಗಾವಳಿಯ ಅಳಿವೆ ಪ್ರದೇಶದಲ್ಲಿ ಕಡುಬೇಸಿಗೆಗೆ ಬಾವಿನೀರು ಉಪ್ಪಾಗುವುದು ಹೊಸತಲ್ಲ. ಅಂತಹ ನೀರೂ ಸಲ್ಲದು.

ಕಾನೂನು ಏನು ಹೇಳುತ್ತದೆ?

ಆಕ್ಸೊಲಾಟಲ್ ಅಳಿವಿನಂಚಿನ ಪ್ರಾಣಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಗೊಂಡು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಈ ಒಪ್ಪಂದದ ಪ್ರಾಣಿಗಳನ್ನು ತನ್ನ ನಾಲ್ಕನೇ ಅನುಸೂಚಿಗೆ ಸೇರಿಸಿದೆ. 2024ರ ಫೆಬ್ರವರಿಯಲ್ಲಿ ಹೊರಟ ನಿಯಮಗಳಂತೆ ಇಂತಹ ಜೀವಂತ ಪ್ರಾಣಿಯನ್ನು ಹೊಂದಿರುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್ ಮೂಲಕ ನೋಂದಣಿ ಮಾಡಿಸಬೇಕು. ಹಸ್ತಾಂತರ, ಮರಿ ಹುಟ್ಟುವುದು, ಸಾವು ಎಲ್ಲವನ್ನೂ ತಿಳಿಸಬೇಕು. ರೂಪ ಬದಲಾದರೂ ಜಾತಿ ಬದಲಾಗುವುದಿಲ್ಲವಾದ್ದರಿಂದ ನೆಲವಾಸಿಯಾದ ಆಕ್ಸೊಲಾಟಲ್‌ಗೂ ಇದೇ ನಿಯಮ ಅನ್ವಯಿಸುತ್ತದೆ. ಕೊಳ್ಳುವ ಮುನ್ನವೇ ಮಾರಾಟಗಾರರಿಂದ ದಾಖಲೆ ಕೇಳುವುದು ಜಾಣತನ.

ಬಾವಿಗೆ ಬಿಡಬೇಡಿ

ರೂಪ ಬದಲಾದ ಪ್ರಾಣಿ ಮೊದಲಿನಷ್ಟು ಚೆಂದ ಕಾಣದಿರಬಹುದು. ಗರಿಯಂತಹ ಕಿವಿರಿಲ್ಲ, ಹಗಲೆಲ್ಲ ಮಣ್ಣಿನೊಳಗೆ ಅಡಗಿರುತ್ತದೆ. ಕಡಿದ ಕಾಲನ್ನೂ ಮತ್ತೆ ಬೆಳೆಸಿಕೊಳ್ಳುವ ಅದರ ಹೆಸರುವಾಸಿ ಶಕ್ತಿಯೂ ರೂಪಾಂತರದ ಬಳಿಕ ಕುಂದುತ್ತದೆ. ನೀರಿನಲ್ಲೇ ಉಳಿದ ಆಕ್ಸೊಲಾಟಲ್ ಒಳ್ಳೆಯ ಆರೈಕೆಯಲ್ಲಿ 10ರಿಂದ 15 ವರ್ಷ ಬಾಳಿದರೆ, ನೆಲಕ್ಕೆ ಏರಿದ್ದು ಹಲವು ಬಾರಿ ಅಲ್ಪಾಯುಷಿ. ಬೇಸರಗೊಂಡ ಮನೆಯವರಿಗೆ ಹಿತ್ತಿಲಿನ ಮದಗವೋ ಕೊಲ್ಲೂರಿನ ಕಾಡಿನ ತೊರೆಯೋ ಸುಲಭದ ದಾರಿಯಾಗಿ ಕಂಡರೆ ಅಚ್ಚರಿಯಿಲ್ಲ.

ಆದರೆ ಅದು ಬಿಡುಗಡೆಯಲ್ಲ. ನಮ್ಮ ಸೆಖೆಯಲ್ಲಿ ಪ್ರಾಣಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸಾಯುವ ಮುನ್ನ ತನ್ನೊಡನೆ ತಂದ ರೋಗಾಣುಗಳನ್ನು ನೀರಿಗೆ ಬಿಟ್ಟಿರುತ್ತದೆ. ಜಗತ್ತಿನ ಹಲವೆಡೆ ಕಪ್ಪೆಗಳನ್ನು ನಿರ್ನಾಮ ಮಾಡಿದ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ದಾಖಲಾಗಿದೆ. ಸಾಕುಪ್ರಾಣಿಗಳ ವ್ಯಾಪಾರದಿಂದ ಅದರ ಹೊಸ ತಳಿಗಳು ಹರಡುವ ಭೀತಿ ಇದೆ. ನಮ್ಮ ಜಿಲ್ಲೆಯ ಮಣಿಪಾಲದ ಮುರಕಲ್ಲಿನ ಬಯಲಿನಿಂದ ಹೆಬ್ಬೆರಳ ಉಗುರಿನಷ್ಟು ಪುಟ್ಟ ಕಪ್ಪೆಯೊಂದನ್ನು ವಿಜ್ಞಾನಿಗಳು ಹೊಸ ಜಾತಿಯೆಂದು ಗುರುತಿಸಿದ್ದು 2016ರಲ್ಲಿ. ಆ ಕಲ್ಲಿನ ಹೆಸರನ್ನೇ ಅದಕ್ಕೆ ಇಟ್ಟು ಮೈಕ್ರೊಹೈಲ ಲ್ಯಾಟರೈಟ್ ಎಂದು ಕರೆದಿದ್ದಾರೆ. ನಮ್ಮ ಊರಿನ ಹೊಂಡಗಳಲ್ಲಿ ಏನೇನಿದೆ ಎಂಬುದು ನಮಗೇ ಪೂರ್ತಿ ತಿಳಿಯದಿರುವಾಗ ಹೊರಗಿನ ಜೀವಿಯನ್ನು ಅಲ್ಲಿಗೆ ಸುರಿಯುವುದು ಸರಿಯಲ್ಲ. ಹೊರಗಿನ ಮೀನುಗಳನ್ನು ತಂದು ಬಿಟ್ಟದ್ದರಿಂದಲೇ ಆಕ್ಸೊಲಾಟಲ್ ತನ್ನ ತವರಿನಲ್ಲಿ ನೆಲೆ ಕಳೆದುಕೊಂಡಿತು ಎಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು.

ಸಾಕಲು ಆಗದಿದ್ದರೆ ಸಮೀಪದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ನಿಯಮದಂತೆ ಸಾಕಬಲ್ಲವರಿಗೆ ಹಸ್ತಾಂತರಿಸುವುದೇ ಸರಿಯಾದ ಮಾರ್ಗ. ಇನ್ನೂ ಕೊಳ್ಳದೆ ಯೋಚಿಸುತ್ತಿರುವವರು ಒಂದು ಪ್ರಶ್ನೆ ಕೇಳಿಕೊಳ್ಳಲಿ: ವರ್ಷದ ಹನ್ನೆರಡೂ ತಿಂಗಳು, ಹಗಲೂ ರಾತ್ರಿ, 20 ಡಿಗ್ರಿಯ ಒಳಗಿನ ತಂಪನ್ನು ಹಲವು ವರ್ಷ ಕೊಡಲು ನಮ್ಮಿಂದ ಸಾಧ್ಯವೇ? ಇಲ್ಲವೆಂದಾದರೆ ಮಕ್ಕಳನ್ನು ಕರೆದುಕೊಂಡು ಮಳೆಗಾಲದ ಗದ್ದೆಯಂಚಿಗೆ ಹೋಗಿ ನಿಂತರಾಯಿತು. ಮರಿಯೊಂದು ನೀರು ಬಿಟ್ಟು ನೆಲಕ್ಕೆ ಏರುವುದನ್ನು ಅಲ್ಲಿ ಖರ್ಚಿಲ್ಲದೆ, ಯಾವ ಜೀವಕ್ಕೂ ನೋವಿಲ್ಲದೆ ನೋಡಬಹುದು.